ಮರ ಹತ್ತುವವನ ದಾರ, ಮಡಚುವ ಪೆಟ್ಟಿಗೆ

ಮುಂಗಾರಿಗೆ ಮುನ್ನ ಬೀಸುವ ಗಾಳಿಮಳೆಗೆ ಖರಾಡಿಯಲ್ಲಿ ಮೊದಲು ಮುರಿದು ಬೀಳುವುದು ಗುಲ್‌ಮೊಹರ್ ಮರದ ಟೊಂಗೆ. ಹಾಗಾಗಿಯೇ ಇಲ್ಲಿನ ವಸತಿ ಸಂಘಗಳು ಪಾಲಿಕೆಯ ಅನುಮತಿ ಪಡೆದು ಬೇಸಿಗೆಯಲ್ಲೇ ಟೊಂಗೆ ಸವರಿಸುತ್ತವೆ. ನಗರದ ಮರಗಳ ರಕ್ಷಣೆಗೆ ಮಹಾರಾಷ್ಟ್ರದಲ್ಲಿ 1975ರ ಕಾಯ್ದೆಯಿದೆ. ನಮ್ಮ ಕರ್ನಾಟಕದ್ದು 1976ರದು. ಮರವನ್ನು ಕಾಯುವ ಕಾಗದಗಳು ಎರಡೂ ಕಡೆ ಉಂಟು. ಮರ ಹತ್ತುವವನನ್ನು ಕಾಯುವ ಸಾಮಗ್ರಿಯ ವಿಚಾರಕ್ಕೆ ಮಾತ್ರ ನಮ್ಮ ಸಂಘಗಳ ಸಭೆಗಳಲ್ಲಿ ಸಮಯ ಸಾಲುವುದಿಲ್ಲ. ಅಂಥ ಒಂದು ಸಣ್ಣ ಸಾಮಗ್ರಿಯ ಆಯ್ಕೆಯನ್ನು ಕುರಿತು ನಮ್ಮ ಅಭಿಪ್ರಾಯವನ್ನು ಇಲ್ಲಿ ಹೇಳುತ್ತಿದ್ದೇವೆ.

ಎತ್ತರದ ಮರಕ್ಕೆ ಹಗ್ಗ ಹಾಯಿಸುವ ಕ್ರಮ ಹೀಗಿದೆ. ಸುಮಾರು 2 ಮಿಲಿಮೀಟರ್ ದಪ್ಪದ ನುಣುಪಾದ ದಾರದ ತುದಿಗೆ 250ರಿಂದ 450 ಗ್ರಾಂ ತೂಕದ ಪುಟ್ಟ ಚೀಲ ಕಟ್ಟಿ, ಗಟ್ಟಿ ಕವಲೊಂದರ ಮೇಲಿಂದ ಎಸೆಯುತ್ತಾರೆ. ಚೀಲ ಆಚೆ ಬದಿಗೆ ಇಳಿದ ಮೇಲೆ ಆ ದಾರದಿಂದಲೇ ಹತ್ತುವ ದಪ್ಪ ಹಗ್ಗವನ್ನು ಮೇಲಕ್ಕೆಳೆಯುತ್ತಾರೆ. ಇದಕ್ಕೆ ಥ್ರೋ ಲೈನ್ ಎಂದು ಹೆಸರು. ಐವತ್ತು ಮೀಟರ್ ದಾರ ಎಲ್ಲಿಯೂ ತಡೆಯದೆ ಓಡಬೇಕು. ನಡುವೆ ಸಿಕ್ಕುಬಿದ್ದರೆ ಚೀಲ ಅರ್ಧದಲ್ಲೇ ಕೆಳಕ್ಕೆ ಬೀಳುತ್ತದೆ. ಮೂರು ಸಲ ಹಾಗಾದರೆ ಕೆಲಸಗಾರ ದಾರವನ್ನು ಬದಿಗಿಟ್ಟು ಬರಿಗಾಲಲ್ಲಿ, ಬರಿಗೈಯಲ್ಲಿ ಮರ ಏರಿಬಿಡುತ್ತಾನೆ. ಅಪಾಯ ಶುರುವಾಗುವುದು ಅಲ್ಲಿಂದ. ಮಲೆನಾಡಿನ ತೋಟದಲ್ಲಿ ಕೊನೆಗೌಡನು ನೇಣಿನ ಗುಂಟ ಅಡಿಕೆಕೊನೆ ಜಾರಿಬಿಡುವುದನ್ನು ಕಂಡ ಓದುಗರಿಗೆ ಹಗ್ಗದ ಒಂದು ತೊಡಕಿನ ಬೆಲೆ ಎಷ್ಟೆಂದು ವಿವರಿಸಬೇಕಿಲ್ಲ.

ಕೈಗೆ ಸುತ್ತಿ ಸಿಂಬಿ ಮಾಡಿಟ್ಟ ದಾರದಲ್ಲಿ ಮುರಿ ಸೇರಿಕೊಂಡು ಗಂಟಾಗುತ್ತದೆ. ಅದನ್ನು ಅಗಲ ಬಾಯಿಯ ಪೆಟ್ಟಿಗೆಯೊಳಕ್ಕೆ ಸಡಿಲವಾಗಿ, ಪದರದ ಮೇಲೆ ಪದರವಾಗಿ ಬಿಟ್ಟರೆ, ಕೊನೆಗೆ ಹೋದ ಪದರ ಮೊದಲು ಹೊರಬರುತ್ತದೆ. ಇಷ್ಟಕ್ಕೆ ಮನೆಯ ಪ್ಲಾಸ್ಟಿಕ್ ಬಕೆಟ್ಟೇ ಸಾಲದೇ ಎಂದು ಕೇಳುವವರಿದ್ದಾರೆ. ನಿಜ, ದಾರ ಓಡುವ ಮಟ್ಟಿಗೆ ಬಕೆಟ್ ಸಾಕು. ಆದರೆ ನಮ್ಮಲ್ಲಿಗೆ ಬರುವ ಕೆಲಸಗಾರ ಗರಗಸ, ಹಗ್ಗ, ಕತ್ತಿಗಳನ್ನೆಲ್ಲ ಒಂದೇ ಬೈಕಿನಲ್ಲಿ ಹೇರಿಕೊಂಡು ಬರುತ್ತಾನೆ. ಬಕೆಟ್ ಹಿಂದುಳಿಯುತ್ತದೆ, ದಾರ ಚೀಲದ ತಳ ಸೇರಿ ಗಂಟಾಗುತ್ತದೆ. ಆದ್ದರಿಂದ ಮಡಚಿಕೊಳ್ಳುವ ಗುಣವನ್ನು ಶೋಕಿ ಎನ್ನಲಾಗದು. ಫ್ರಾನ್ಸಿನ ಪೆಟ್ಜಲ್ ಕಂಪನಿಯ ಎಕ್ಲಿಪ್ಸ್‌ನಂಥ ಪೆಟ್ಟಿಗೆಗಳು ಇದಕ್ಕಾಗಿಯೇ ಹುಟ್ಟಿದವು.

ಮಡಚುವ ವಸ್ತು ಸವೆಯುವುದು ಮಡಿಕೆಯಲ್ಲೇ. ಹೀಗಾಗಿ ಬಣ್ಣ ಮತ್ತು ಬಟ್ಟೆಯನ್ನು ನೋಡುವ ಮೊದಲು ಮೂಲೆಗಳನ್ನು ನೋಡಬೇಕು: ಒಳಗಿನ ಸ್ಪ್ರಿಂಗ್ ತಂತಿಗೆ ಹೊದಿಕೆಯುಂಟೇ, ಮೂಲೆಯಲ್ಲಿ ಎರಡು ಹೊಲಿಗೆಯುಂಟೇ, ಹತ್ತು ಸಲ ಮಡಚಿ ಬಿಟ್ಟ ಮೇಲೂ ಬಾಯಿ ಚೌಕವಾಗಿ ತೆರೆದು ನಿಲ್ಲುತ್ತದೆಯೇ? ದಾರಕ್ಕೆ ತೊಡರುವ ಜಿಪ್ ಅಥವಾ ವೆಲ್ಕ್ರೋ ಬಾಯಂಚಿನಲ್ಲಿ ಇರಕೂಡದು. ತಳದಲ್ಲಿ ನೀರು ಬಸಿಯುವ ತೂತುಗಳಿರಬೇಕು, ದಾರದ ಕೊನೆಯನ್ನು ಕಟ್ಟಲು ಒಂದು ಕುಣಿಕೆಯೂ ಬೇಕು. ಪಾಲಿಯುರೆಥೇನ್ ಲೇಪದ ತೆಳು ಬಟ್ಟೆ ಸೆಕೆ ಮತ್ತು ತೇವದಲ್ಲಿ ಅಂಟಂಟಾಗಿ ಸುಲಿಯುತ್ತದೆ. ಪುಣೆಯ ಮಳೆಗಾಲಕ್ಕೆ ಪಿವಿಸಿ ಲೇಪದ ದಪ್ಪ ಬಟ್ಟೆಯೇ ಲೇಸು.

ಕಚೇರಿಯ ಖರೀದಿ ಕಡತಗಳನ್ನು ಬಲ್ಲ ನಮ್ಮಂಥವರು ಇಲ್ಲಿ ಒಂದು ಮಾತು ಸೇರಿಸಬೇಕು. ಮೂರು ದರಪಟ್ಟಿ ತರಿಸಿ ಅಗ್ಗದ್ದನ್ನು ಕೊಳ್ಳುವುದೇ ನಿಯಮವೆಂದು ಸಂಘಗಳು ತಿಳಿದಿವೆ. ಆದರೆ ತಾಂತ್ರಿಕ ಅಗತ್ಯಗಳನ್ನು ಪೂರೈಸಿದವರ ನಡುವೆ ಮಾತ್ರ ಕನಿಷ್ಠ ದರವನ್ನು ಹೋಲಿಸಬೇಕು ಎಂಬುದು ಸರ್ಕಾರಿ ಪದ್ಧತಿಯ ಅರ್ಧ ಭಾಗ. ನಾವು ಆ ಅರ್ಧವನ್ನು ಕಚೇರಿಯಲ್ಲೇ ಬಿಟ್ಟು ಮನೆಗೆ ಬರುತ್ತೇವೆ. ಮೊದಲು ಅಗತ್ಯಗಳ ಪಟ್ಟಿ ಬರೆಯೋಣ. ಆ ಪಟ್ಟಿಯನ್ನು ಬರೆಯಬೇಕಾದವನು ಮರ ಹತ್ತುವವನು. ಕಾರ್ಯದರ್ಶಿಯ ಕೆಲಸ ಅದಕ್ಕೆ ಸಹಿ ಹಾಕುವುದಷ್ಟೇ.

ಪೆಟ್ಟಿಗೆಯೊಂದೇ ಯಾರ ಜೀವವನ್ನೂ ಉಳಿಸದು. ಹಗ್ಗದಲ್ಲಿ ಹತ್ತಲು ತರಬೇತಿ ಬೇಕು, ಸೊಂಟಪಟ್ಟಿ ಬೇಕು, ಶಿರಸ್ತ್ರಾಣ ಬೇಕು. ಆದರೂ ಆ ಸರಪಳಿಯ ಮೊದಲ ಕೊಂಡಿ ಈ ದಾರ. ಸಂಘದ ಹಣದಲ್ಲಿ ಕೊಂಡ ಪೆಟ್ಟಿಗೆ ಪಂಪ್‌ಹೌಸಿನ ಮೂಲೆಯಲ್ಲಿ ಕೊಳೆಯಬಾರದು. ಕೆಲಸ ಮುಗಿದ ದಿನವೇ ಕೆಸರು ತೊಳೆದು, ನೆರಳಲ್ಲಿ ಒಣಗಿಸಿ, ತೆಗೆದಿಡುವ ಹೊಣೆ ಒಬ್ಬರ ಹೆಸರಿಗಿರಬೇಕು. ಊರಿನಿಂದ ದೂರ ಬಂದು ನೆಲೆಸಿದ ನಮಗೆ ನೆರಳು ಕೊಡುವುದು ಈ ಮರಗಳು. ಅವನ್ನು ನೋಡಿಕೊಳ್ಳುವವನು ಸುರಕ್ಷಿತವಾಗಿ ನೆಲಕ್ಕಿಳಿಯುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.