ನರ್ಸ್ ಆಗ್ತೀನಿ ಅಂದ ತಂಗಿ

"ಅಣ್ಣಾ, ಪಿತ್ತರಸ ಎಲ್ಲೆ ತಯಾರಾಗ್ತೈತಿ ಹೇಳು ನೋಡೂಣು?"

ಬೆಳಗಿನ ಏಳು ಗಂಟೆ. ನಾನು ಪುಣೆಯಲ್ಲಿ ಚಹಾ ಕುಡಿಯುತ್ತ ಹಿಂಜೆವಾಡಿಗೆ ಹೋಗುವ ಕ್ಯಾಬಿಗೆ ಕಾಯುತ್ತಿದ್ದೆ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಆಗ ರಾತ್ರಿ ಒಂಬತ್ತೂವರೆ. ಮಕ್ಕಳನ್ನು ಮಲಗಿಸಿ ಫೋನ್ ಮಾಡಿದ್ದಳು ನಮ್ಮ ಕಾಕಾನ ಮಗಳು. ಪಿತ್ತಕೋಶದಲ್ಲಿ, ಹೆಸರಲ್ಲೇ ಇದೆಯಲ್ಲ ಎಂದೆ.

"ತಪ್ಪು. ಲಿವರ್‌ನಾಗ ತಯಾರಾಗ್ತೈತಿ. ಪಿತ್ತಕೋಶ ಬರೇ ಕೂಡಿಡತೈತಿ. ಮಾಸ್ಟರ್ ಡಿಗ್ರಿ ಅಂತ ಹೆಸರಿಗೆ!"

ಎರಡು ವರ್ಷದ ಹಿಂದೆ ದೀಪಾವಳಿ ಹೊತ್ತಿಗೆ ಇವಳು "ನರ್ಸಿಂಗ್ ಓದಬೇಕಂತ ಮಾಡೀನಿ" ಅಂದಾಗ ನಾನು ಕೊಟ್ಟ ಉತ್ತರ ಈಗ ನೆನೆದರೆ ನಾಚಿಕೆಯಾಗುತ್ತದೆ. "ನರ್ಸಾ?" ಅಂದಿದ್ದೆ. ಆಮೇಲೆ ನಮ್ಮ ಐಟಿಯವರೆಲ್ಲ ಎಚ್-4 ವೀಸಾದ ಮೇಲೆ ಹೋದ ತಂಗಿಯರಿಗೆ, ನಾದಿನಿಯರಿಗೆ ಕೊಡುವ ಸಲಹೆಯನ್ನೇ ಕೊಟ್ಟೆ. ಟೆಸ್ಟಿಂಗ್ ಕೋರ್ಸ್ ಮಾಡು, ಮೂರು ತಿಂಗಳು ಸಾಕು, ರೆಸ್ಯೂಮ್ ನಾನು ನೋಡಿಕೊಳ್ಳುತ್ತೇನೆ. ಅವಳು ಸುಮ್ಮನೆ ಕೇಳಿಸಿಕೊಂಡು ಫೋನಿಟ್ಟಳು. ಗದಗದಲ್ಲಿದ್ದ ಕಾಕೂ ಮಾತ್ರ ಸುಮ್ಮನಿರಲಿಲ್ಲ. "ನರ್ಸ್ ಆಗಾಕ ಅಮೆರಿಕಾ ಯಾಕ ಬೇಕಿತ್ತು? ಇಲ್ಲೇ ಗದಗಿನ್ಯಾಗ ಆಗಬಹುದಿತ್ತಲ್ಲ!"

ನಿಜ ಹೇಳಬೇಕೆಂದರೆ ಗದಗದಲ್ಲಿ ನರ್ಸಿಂಗ್ ಪದವಿಗೆ ಸೇರಲು ಬರುತ್ತಿರಲಿಲ್ಲ. ನಮ್ಮಲ್ಲಿ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಅದಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರ ಬೇಕು. ಇವಳದು ಕಾಮರ್ಸ್. ಬಿ.ಕಾಂ., ಎಂ.ಕಾಂ. ಮುಗಿಸಿ ಮದುವೆಯಾಗಿ ಹೋದವಳು. ಹತ್ತು ವರ್ಷ ಮನೆ, ಮಕ್ಕಳು. ಈಗ ಮೂವತ್ನಾಲ್ಕು. ಆದರೆ ಅಮೆರಿಕದಲ್ಲಿ ಬೇರೆ ಯಾವುದೇ ವಿಷಯದಲ್ಲಿ ಪದವಿ ಇರುವವರು 12ರಿಂದ 18 ತಿಂಗಳಲ್ಲಿ ನರ್ಸಿಂಗ್ ಪದವಿ ಪಡೆಯುವ ದಾರಿಯೊಂದಿದೆ. ಆಕ್ಸಿಲರೇಟೆಡ್ ಬಿ.ಎಸ್.ಎನ್. ಅಂತಾರೆ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1971ರಲ್ಲಿ ಮೊದಲು ಶುರು ಮಾಡಿದ್ದು, ಈಗ ದೇಶದ ತುಂಬ ಇದೆ. ಸೀಟಿಗೆ ಮಾತ್ರ ನೂಕುನುಗ್ಗಲು. ಕಲಿಸುವವರು ಸಾಲದು, ಆಸ್ಪತ್ರೆಗಳಲ್ಲಿ ತರಬೇತಿಗೆ ಜಾಗ ಸಾಲದು. ಹಾಗಾಗಿ ನರ್ಸುಗಳ ಕೊರತೆ ಇರುವ ದೇಶದಲ್ಲೇ ನರ್ಸಿಂಗ್ ಕಾಲೇಜುಗಳು ಅರ್ಹರನ್ನೂ ವಾಪಸ್ ಕಳಿಸುತ್ತವೆ.

ಹದಿನೈದು ತಿಂಗಳ ಕೋರ್ಸ್ ಅಂದರೆ ಹದಿನೈದು ತಿಂಗಳಲ್ಲಿ ನರ್ಸ್ ಆಗಿಬಿಡುತ್ತಾಳೆ ಅಂತಲೇ ನಾನು ತಿಳಿದಿದ್ದೆ. ಅದು ಮನೆಯೊಳಗಿನ ಲೆಕ್ಕ. ಹೊಸ್ತಿಲು ದಾಟುವುದಕ್ಕೇ ಇವಳಿಗೆ ಎರಡು ವರ್ಷ ಹಿಡಿಯಿತು. ಅಂಗರಚನೆ ಮತ್ತು ಶರೀರಕ್ರಿಯೆ ಸೇರಿಸಿ ಒಂದು ವಿಷಯ, ಅದರಲ್ಲಿ ಎರಡು ಭಾಗ. ಮೊದಲ ಭಾಗ ಪಾಸಾಗದೆ ಎರಡನೆಯದಕ್ಕೆ ಕೂರಿಸುವುದಿಲ್ಲ, ಅಲ್ಲಿಗೇ ಎರಡು ಸೆಮಿಸ್ಟರ್ ಹೋಯಿತು. ಆಮೇಲೆ ಸೂಕ್ಷ್ಮಜೀವಿಶಾಸ್ತ್ರ, ಕೆಲವು ಕಡೆ ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಪೌಷ್ಟಿಕತೆ, ಹುಟ್ಟಿನಿಂದ ಮುಪ್ಪಿನವರೆಗಿನ ಮನಶ್ಶಾಸ್ತ್ರ. ಇವನ್ನೆಲ್ಲ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಒಂದೊಂದಾಗಿ ಮುಗಿಸಬೇಕು. ಬರೀ ಪಾಸಾದರೆ ಸಾಲದು. ವಿಜ್ಞಾನದ ಅಂಕಗಳನ್ನು ಬೇರೆಯಾಗಿ ತೆಗೆದು ನೋಡುತ್ತಾರೆ. ಎಷ್ಟು ಸಲ ಬರೆದಿರಿ ಎಂದೂ ನೋಡುತ್ತಾರೆ. ಐದು ಅಥವಾ ಏಳು ವರ್ಷ ಹಳೆಯದಾದರೆ ಬಹಳ ಕಡೆ ವಿಜ್ಞಾನದ ವಿಷಯಗಳು ಹಳಸಿದವು ಅಂತಲೇ ಲೆಕ್ಕ.

ಮನೆಯಲ್ಲಿ ಮೊಟ್ಟೆಯನ್ನೂ ಒಡೆಯದೆ ಬೆಳೆದ ಹುಡುಗಿ. ಲ್ಯಾಬಿನಲ್ಲಿ ಮೊದಲ ತಿಂಗಳು ಮೂಳೆಗಳು, ಅದೇನೂ ತೊಂದರೆಯಿಲ್ಲ. ಆಮೇಲೆ ಕುರಿಯ ಹೃದಯ, ಹಸುವಿನ ಕಣ್ಣು. ಹಸುವಿನ ಕಣ್ಣು ಕೊಯ್ದ ದಿನ ಫೋನ್ ಮಾಡಿ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, "ಅವ್ವಗ ಹೇಳಬ್ಯಾಡ" ಅಂದಳು. ಇವತ್ತಿನವರೆಗೂ ಹೇಳಿಲ್ಲ. ಕಾಕೂ ಈ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನ್ನ ಪಾಲಿನ ಕೆಲಸ ಕಾಗದಪತ್ರ. ನಾಲ್ಕು ಕಾಲೇಜಿಗೆ ಅರ್ಜಿ, ನಾಲ್ಕಕ್ಕೂ ಬೇರೆಬೇರೆ ಷರತ್ತು, ಹಾಗಾಗಿ ಎಕ್ಸೆಲ್ ಶೀಟ್ ಮಾಡಿದೆ. ಐಟಿಯವನಿಗೆ ಬೇರೇನು ಬರುತ್ತದೆ! ಆದರೆ ಆ ಶೀಟು ಒಂದು ವಿಷಯ ತೋರಿಸಿಕೊಟ್ಟಿತು. ಬಿ.ಕಾಂ.ನಲ್ಲಿ ಓದಿದ ಸ್ಟ್ಯಾಟಿಸ್ಟಿಕ್ಸನ್ನು ಒಂದು ಕಾಲೇಜು ಒಪ್ಪುತ್ತದೆ, ಇನ್ನೊಂದು ಒಪ್ಪುವುದಿಲ್ಲ. ಲ್ಯಾಬನ್ನು ಆನ್‌ಲೈನ್‌ನಲ್ಲಿ ಮಾಡಿದರೆ ಒಬ್ಬರಿಗೆ ನಡೆಯುತ್ತದೆ, ಇನ್ನೊಬ್ಬರಿಗೆ ನಡೆಯುವುದಿಲ್ಲ. ಇದನ್ನು ಅರ್ಜಿ ಹಾಕುವ ತಿಂಗಳಲ್ಲಲ್ಲ, ಮೊದಲ ವಿಷಯಕ್ಕೆ ಹೆಸರು ಬರೆಸುವ ಮುಂಚೆಯೇ ನೋಡಬೇಕು. ನಾವು ನೋಡಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಮತ್ತೆ ಬರೆಯಬೇಕಾಗಿ ಬಂದು ಒಂದು ಸೆಮಿಸ್ಟರ್ ಹೆಚ್ಚಾಯಿತು.

ಭಾರತದ ಪದವಿಯನ್ನು ಅಲ್ಲಿಯ ಲೆಕ್ಕಕ್ಕೆ ತಂದು ವರದಿ ಕೊಡುವ ಸಂಸ್ಥೆಗಳಿವೆ, ಡಬ್ಲ್ಯು.ಇ.ಎಸ್. ಅಂಥದ್ದೊಂದು. ಮೂರು ವರ್ಷದ ಬಿ.ಕಾಂ. ಒಂದೇ ಇದ್ದರೆ ಅಲ್ಲಿಯ ನಾಲ್ಕು ವರ್ಷದ ಪದವಿಗೆ ಸಮ ಎಂದು ಎಲ್ಲ ಕಡೆ ಒಪ್ಪುವುದಿಲ್ಲ. ಮದುವೆ ಗೊತ್ತಾಗುವ ತನಕ ಸುಮ್ಮನೆ ಕೂರುವುದೇಕೆ ಎಂದು ಮಾಡಿದ ಎಂ.ಕಾಂ. ಇಲ್ಲಿ ಕೈಹಿಡಿಯಿತು. ಅಂಕಪಟ್ಟಿ ಮಾತ್ರ ವಿಶ್ವವಿದ್ಯಾಲಯದಿಂದಲೇ ಹೋಗಬೇಕು, ನಾವು ಝೆರಾಕ್ಸ್ ಮಾಡಿ ಕಳಿಸಿದರೆ ನಡೆಯುವುದಿಲ್ಲ. ಅದಕ್ಕಾಗಿ ಸ್ವಾರಗೇಟಿನಿಂದ ರಾತ್ರಿ ಬಸ್ಸು ಹತ್ತಿ ಎರಡು ಸಲ ಹೋಗಿ ಬಂದೆ. ಮೊದಲ ಸಲ, ಸಹಿ ಮಾಡುವವರು ರಜೆ. ಎರಡನೇ ಸಲ, ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯ ಹೆಸರು, ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್. ಇಬ್ಬರೂ ಒಬ್ಬಳೇ ಎಂಬುದಕ್ಕೆ ಅಫಿಡವಿಟ್ ಮಾಡಿಸಿ ತರ್ರಿ ಅಂದರು. ತಂದೆ. ಗುಮಾಸ್ತರು ಅದನ್ನು ಓದಿ, "ಎಂ.ಕಾಂ. ಆದ ಹುಡಿಗಿ ನರ್ಸ್ ಯಾಕ ಆಗ್ತಾಳ್ರಿ?" ಎಂದು ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಪ್ರವೇಶ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೀಸ್ ಅಂತ ಹೆಸರು. 170 ಪ್ರಶ್ನೆ, 209 ನಿಮಿಷ. ಓದು, ಗಣಿತ, ವಿಜ್ಞಾನ, ಇಂಗ್ಲಿಷ್. ಕೆಲವು ಕಾಲೇಜುಗಳು ಇದರ ಬದಲು ಹೆಸಿ ಎಂಬ ಪರೀಕ್ಷೆ ಕೇಳುತ್ತವೆ. ಟೀಸ್ ಗಣಿತ ನಮ್ಮ ಹತ್ತನೇ ಕ್ಲಾಸಿನದು, ಆದರೆ ಔನ್ಸು, ಪೌಂಡು, ಇಂಚಿನ ಪರಿವರ್ತನೆ ಬಾಯಿಗೆ ಬರಬೇಕು. ಅಭ್ಯಾಸದ ಪರೀಕ್ಷೆಯನ್ನು ನಾನೂ ಒಂದು ಭಾನುವಾರ ಬರೆದೆ. ವಿಜ್ಞಾನದಲ್ಲಿ ಎಷ್ಟು ಬಂತೆಂದು ಇಲ್ಲಿ ಹೇಳುವ ಅಗತ್ಯವಿಲ್ಲ. ಅವಳು ತಿಂಗಳುಗಟ್ಟಲೆ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಚೀಟಿ ಅಂಟಿಸಿಕೊಂಡು ಓದಿದಳು. ಅಳಿಯಂದಿರು ಅಷ್ಟರಲ್ಲಿ ಚಪಾತಿ ಲಟ್ಟಿಸಲು ಕಲಿತರು.

ಅರ್ಜಿಯ ಜೊತೆ ಐನೂರು ಪದಗಳ ಒಂದು ಬರಹ ಕೊಡಬೇಕು. ನರ್ಸ್ ಯಾಕೆ ಆಗಬೇಕೆಂದಿದ್ದೀರಿ? ಗುಮಾಸ್ತರ ಪ್ರಶ್ನೆಯೇ. ಅವಳು ಬರೆದು ಕಳಿಸಿದಳು, ನಾನು ತಿದ್ದಿದೆ. ತಿದ್ದಿದೆ ಅನ್ನುವುದಕ್ಕಿಂತ ಪಾಲಿಶ್ ಹಚ್ಚಿದೆ. ಸೇವಾ ಮನೋಭಾವ, ನಾಯಕತ್ವ, ಕಾಮರ್ಸ್ ಪದವಿಯಿಂದ ಬಂದ ವಿಶ್ಲೇಷಣಾ ಸಾಮರ್ಥ್ಯ. ಓದಿ ಫೋನ್ ಮಾಡಿದಳು. "ಅಣ್ಣಾ, ಇದು ನಿನ್ನ ಅಪ್ರೈಸಲ್ ಆತು."

ಇನ್ನೊಂದು ತೊಡಕಿತ್ತು. ಬಿ.ಕಾಂ. ಎರಡನೇ ವರ್ಷ ಅವಳು ಎರಡು ವಿಷಯದಲ್ಲಿ ಫೇಲಾಗಿದ್ದಳು. ಅದನ್ನು ಎತ್ತುವುದೇ ಬೇಡ, ಕೇಳಿದರೆ ನೋಡೋಣ ಅಂದಿದ್ದೆ. ಅಂಕಪಟ್ಟಿ ಅವರ ಕೈಯಲ್ಲೇ ಇರುತ್ತದೆ, ಕೇಳದೆ ಬಿಡುತ್ತಾರಾ ಅಂದಳು. ಮರುದಿನ ಹೊಸ ಬರಹ ಕಳಿಸಿದಳು.

2010ರಲ್ಲಿ ಕಾಕಾಗೆ ಲಕ್ವ ಹೊಡೆಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆರು ವಾರ. ನಾನು ಪುಣೆಗೆ ಬಂದು ಕೆಲಸಕ್ಕೆ ಸೇರಿದ ಹೊಸತು. ಎರಡು ದಿನ ರಜೆ ಹಾಕಿ ಬಂದು, ಸೇಬುಹಣ್ಣು ಇಟ್ಟು, ವಾಪಸ್ ಹೋದೆ. ಕಾಕಾನ ಹಾಸಿಗೆಯ ಪಕ್ಕ ಆರು ವಾರವೂ ಕೂತವಳು ಇವಳು. ಮೊದಲ ವಾರ ಒಬ್ಬ ನರ್ಸ್ ಇವಳನ್ನು ಕರೆದು, ಎರಡು ತಾಸಿಗೊಮ್ಮೆ ಅಪ್ಪನನ್ನು ಹೇಗೆ ಮಗ್ಗುಲಾಗಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಕೆಳಗೆ ದಿಂಬು ಎಲ್ಲಿಡಬೇಕು, ಬೆನ್ನಿನ ಚರ್ಮ ಕೆಂಪಾಗಿದೆಯೇ ಎಂದು ಹೇಗೆ ನೋಡಬೇಕು, ಎಲ್ಲ ಕೈಹಿಡಿದು ತೋರಿಸಿದಳಂತೆ. ರಾತ್ರಿ ಎರಡಕ್ಕೆ ಅಲಾರಂ ಇಟ್ಟು, ನಾಲ್ಕಕ್ಕೆ ಇಟ್ಟು ಇವಳು ಹಾಗೇ ಮಾಡಿದಳು. ಮನೆಗೆ ಬಂದ ಮೇಲೂ ಮಾಡಿದಳು. ಪರೀಕ್ಷೆ ಹೋಯಿತು. ಕಾಕಾ ಆಮೇಲೆ ಎಂಟು ವರ್ಷ ಇದ್ದರು. ಮೊದಲ ಎರಡು ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ. ಮೈಮೇಲೆ ಒಂದೂ ಹುಣ್ಣಾಗಲಿಲ್ಲ.

ಇಷ್ಟೇ ಬರೆದಿದ್ದಳು. ಫೇಲಾದದ್ದಕ್ಕೆ ಎರಡು ವಾಕ್ಯ, ಕ್ಷಮೆ ಕೇಳದೆ. ನಾನು ಒಂದು ಕಾಮಾ ಕೂಡ ಮುಟ್ಟಲಿಲ್ಲ.

ಇದೆಲ್ಲ ನಮ್ಮ ಮನೆಯಲ್ಲೇ ನಡೆದದ್ದು, ನನಗೆ ಗೊತ್ತೇ ಇರಲಿಲ್ಲ. ಆಗ ನನ್ನ ಕಿವಿಗೆ ಬಿದ್ದದ್ದು ಬೇರೆ. ಆ ನರ್ಸ್ ಯಾವ ಜಾತಿ ಎಂದು ಕಾಕೂ ವಾರ್ಡಿನಲ್ಲೇ ಕೇಳಿದ್ದಳಂತೆ, ಅದನ್ನು ಮನೆಯಲ್ಲಿ ಎಲ್ಲರೂ ನಕ್ಕು ಹೇಳುತ್ತಿದ್ದರು. ನಾನೂ ನಕ್ಕಿದ್ದೆ. ಡಾಕ್ಟರನ್ನು ದೇವರು ಅನ್ನುವ ನಾವು ಇನ್ನೊಬ್ಬರ ಮಲಮೂತ್ರ ಮುಟ್ಟುವ ಕೆಲಸವನ್ನು ಯಾರ ಮನೆಯ ಹುಡುಗಿಯರಿಗೆ ಬಿಟ್ಟಿದ್ದೆವು ಎಂಬುದು ಈ ಪತ್ರಿಕೆ ಓದುವ ಯಾರಿಗೂ ತಿಳಿಯದ್ದಲ್ಲ. ಸ್ಟೆತಸ್ಕೋಪು ಬೇಕು, ಬೆಡ್‌ಪ್ಯಾನು ಬೇಡ. ನನ್ನ "ನರ್ಸಾ?" ಬಂದದ್ದೂ ಅಲ್ಲಿಂದಲೇ.

ಬರಹದಲ್ಲಿ ಬರೆದರೆ ಸಾಲದು ಎಂದು ಅವಳು ನರ್ಸಿಂಗ್ ಅಸಿಸ್ಟೆಂಟ್ ತರಬೇತಿಯನ್ನೂ ಮುಗಿಸಿದಳು. ಅಲ್ಲಿಯ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಕನಿಷ್ಠ 75 ಗಂಟೆಯ ತರಬೇತಿ ಅದು. ವಾರಾಂತ್ಯದಲ್ಲಿ ವೃದ್ಧರ ನರ್ಸಿಂಗ್ ಹೋಮಿನಲ್ಲಿ ಕೆಲಸ. ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ಊಟ ಮಾಡಿಸುವುದು. ಅರ್ಜಿಗೆ ತೂಕ ಬಂತು ನಿಜ. ಅದಕ್ಕಿಂತ, ಈ ಕೆಲಸ ತನ್ನಿಂದ ಆಗುತ್ತದೋ ಇಲ್ಲವೋ ಎಂಬುದು ಫೀಸು ಕಟ್ಟುವ ಮುಂಚೆಯೇ ಗೊತ್ತಾಯಿತು. ಶಿಫಾರಸು ಪತ್ರವೂ ಅಲ್ಲಿಂದಲೇ ಒಂದು ಸಿಕ್ಕಿತು, ಇನ್ನೊಂದನ್ನು ಅಂಗರಚನೆಯ ಪ್ರಾಧ್ಯಾಪಕಿ ಕೊಟ್ಟರು. ಇಲ್ಲಿ ಬಿ.ಕಾಂ. ಕಲಿಸಿದ ಮೇಷ್ಟ್ರಿಗೆ ಇವಳ ಮುಖವೂ ನೆನಪಿರಲಿಲ್ಲ.

ವೀಸಾದ ಮಾತೂ ಹೇಳಿಬಿಡುತ್ತೇನೆ, ಏಕೆಂದರೆ ಓದುಗರಲ್ಲಿ ಯಾರಾದರೂ ತಂಗಿಗೆ ಇದನ್ನು ಕಳಿಸಬಹುದು. ಎಚ್-4ರಲ್ಲಿ ಓದಬಹುದು, ಕೆಲಸ ಮಾಡುವಂತಿಲ್ಲ. ಗಂಡನ ಹಸಿರು ಕಾರ್ಡಿನ ಐ-140 ಅರ್ಜಿ ಮಂಜೂರಾಗಿದ್ದರೆ 2015ರಿಂದ ಹೆಂಡತಿಗೂ ಕೆಲಸದ ಪರವಾನಗಿ ಸಿಗುತ್ತದೆ. ಇವಳಿಗೆ ಹಾಗೆ ಸಿಕ್ಕಿತ್ತು, ಅದರಿಂದಲೇ ನರ್ಸಿಂಗ್ ಹೋಮಿನ ಕೆಲಸ. ಆ ಪರವಾನಗಿ ಇಲ್ಲದೆ ಕಲಿತರೆ ಡಿಗ್ರಿ ಕೈಯಲ್ಲಿದ್ದೂ ಕೂರಬೇಕಾದೀತು. ಸಾಮಾನ್ಯ ನರ್ಸ್ ಕೆಲಸಕ್ಕೆ ಎಚ್-1ಬಿ ಸಿಗುವುದು ಅಪರೂಪ. ಅಲ್ಲಿಯ ಸರ್ಕಾರದ ವಿದ್ಯಾರ್ಥಿ ಸಾಲವೂ ಎಚ್-4ನವರಿಗೆ ಇಲ್ಲ. ಫೀಸು ಹತ್ತಾರು ಸಾವಿರ ಡಾಲರು, ಪೂರ್ತಿ ಅವರದೇ ಉಳಿತಾಯ. ಗದಗದಲ್ಲಿ ಪ್ಲಾಟು ತೆಗೆದುಕೊಳ್ಳಲು ಇಟ್ಟಿದ್ದ ದುಡ್ಡು. ಕಾಕೂಗೆ ನರ್ಸ್ ಆಗುವುದಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಆ ಪ್ಲಾಟಿಗೆ.

ನಾಲ್ಕು ಅರ್ಜಿಯಲ್ಲಿ ಎರಡು ಕಡೆ ಇಲ್ಲ ಅಂದರು. ಒಂದು ಕಡೆ ಕಾಯುವ ಪಟ್ಟಿ. ನಾಲ್ಕನೆಯವರು ಸಂದರ್ಶನಕ್ಕೆ ಕರೆದು, ರೋಗಿ ನಿಮ್ಮ ಮೇಲೆ ಕೂಗಾಡಿದರೆ ಏನು ಮಾಡುತ್ತೀರಿ ಎಂದು ಕೇಳಿದರಂತೆ. ನಮ್ಮಪ್ಪ ಲಕ್ವ ಹೊಡೆದ ಮೇಲೆ ಎಂಟು ವರ್ಷ ಕೂಗಾಡಿದ್ದಾರೆ ಅಂದಳಂತೆ. ಮೂರು ವಾರದ ಮೇಲೆ ಸೀಟು ಸಿಕ್ಕ ಪತ್ರ ಬಂತು. ಜನವರಿಯಿಂದ ತರಗತಿ.

ಕಾಕೂ ಓಣಿಯ ತುಂಬ ಸುದ್ದಿ ಮುಟ್ಟಿಸಿದ್ದಾಳೆ. "ನಮ್ಮ ಹುಡಿಗಿ ಅಮೆರಿಕಾದಾಗ ಮೆಡಿಕಲ್ ಓದಾಕತ್ತಾಳ." ನರ್ಸಿಂಗ್ ಅನ್ನು ಅಂತ ಇವಳು ಎರಡು ಸಲ ಜಗಳವಾಡಿದಳು. ಮೂರನೇ ಸಲ ಬಿಟ್ಟಳು.

ಈಗ ಹೊಸ ಪಟ್ಟಿ ಬಂದಿದೆ. ಗಾಢ ನೀಲಿ ಸಮವಸ್ತ್ರ, ಸೆಕೆಂಡ್ ಮುಳ್ಳಿರುವ ಗಡಿಯಾರ, ಹುಟ್ಟಿದಂದಿನಿಂದ ಹಾಕಿಸಿದ ಲಸಿಕೆಗಳ ದಾಖಲೆ. ಬಿ.ಸಿ.ಜಿ. ಹಾಕಿಸಿಕೊಂಡ ನಮ್ಮಂಥವರಿಗೆ ಚರ್ಮದ ಮೇಲಿನ ಟಿ.ಬಿ. ಪರೀಕ್ಷೆ ಸುಳ್ಳೇ ಪಾಸಿಟಿವ್ ತೋರಿಸಬಹುದು, ರಕ್ತಪರೀಕ್ಷೆ ಮಾಡಿ ಎಂದು ಕೇಳಬೇಕು. ಲಸಿಕೆಯ ಕಾರ್ಡಿಗಾಗಿ ಕಾಕೂ ಮೂರು ದಿನ ಟ್ರಂಕು ಹುಡುಕಿದಳು. ಮೊನ್ನೆ ಸಿಕ್ಕಿತು. ವಾಟ್ಸಾಪಿನಲ್ಲಿ ಫೋಟೊ ಹಾಕಿದ್ದಳು. ಹಳದಿಯಾದ ಕಾರ್ಡು, ಅರ್ಧ ಅಕ್ಷರಕ್ಕೆ ನೀರು ಬಿದ್ದಿದೆ. ಕೆಳಗೆ ಒಂದು ವಾಯ್ಸ್ ಮೆಸೇಜು: "ಇದನ್ನ ನಮ್ಮ ಓಣಿ ನರ್ಸಬಾಯಿ ಬರದಿದ್ದಳು. ಅಕ್ಷರ ಎಷ್ಟ ಚಂದ ಅದಾವ ನೋಡು."

ದಡಾರದ ತಾರೀಖು ಓದಲು ಬರುತ್ತದೆ. ಉಳಿದವಕ್ಕೆ ರಕ್ತ ಕೊಟ್ಟು ಬಂದಿದ್ದಾಳೆ, ಗುರುವಾರ ರಿಪೋರ್ಟು.