ಗಿಟಾರ್ ಹಿಡಿದವರೆಲ್ಲ ಹೀರೋಗಳೇ?

1973ರ ‘ಯಾದೋಂ ಕೀ ಬಾರಾತ್’ ಚಿತ್ರದಲ್ಲಿ ಜೀನತ್ ಅಮಾನ್ ಗಿಟಾರ್ ಹಿಡಿದು ಕೂತದ್ದೇ ತಡ, ಅರ್ಧ ದೇಶದ ಹುಡುಗರ ನಿದ್ದೆ ಹಾರಿತು. 1981ರಲ್ಲಿ ‘ಗೀತಾ’ ಬಂತು. ಶಂಕರ್‌ನಾಗ್ ಗಾಯಕ, ಇಳಯರಾಜಾ ಸಂಗೀತ. ಇನ್ನು ನಮ್ಮವರಿಗೆ ಹೇಳಬೇಕೆ! ಇವತ್ತಿಗೂ ರಾಯಚೂರು, ಮಾನ್ವಿ, ದೇವದುರ್ಗದ ಹುಡುಗರು ಕಾಸಿಗೆ ಕಾಸು ಕೂಡಿಸಿ ಗಿಟಾರ್ ತರುತ್ತಾರೆ. ಮೂರು ತಿಂಗಳಲ್ಲಿ ಅದು ಗೋಡೆಯ ಮೊಳೆಗೆ ನೇತುಬೀಳುತ್ತದೆ. ಯಾಕಪ್ಪಾ ಎಂದರೆ, “ಕಾರ್ಡ್ ಬದಲಿ ಮಾಡೂದ್ರಾಗ ಹಾಡು ನಿಂತುಬಿಡ್ತದ್ರೀ!”

ರೋಗ ಎಡಗೈಯದಲ್ಲ ಗೆಳೆಯರೇ, ಬಲಗೈಯದು. ಎಡಗೈ ಬೆರಳು ತಡಕಾಡುತ್ತದೆ, ಪಾಪ ಅಂತ ಬಲಗೈ ಕಾಯುತ್ತದೆ. ಅಲ್ಲಿಗೆ ಹಾಡು ಮುಗಿಯಿತು! ಒಂದು ಕಾರ್ಡ್ ತಪ್ಪಿದರೆ ಕೇಳುವವನು ಕ್ಷಮಿಸುತ್ತಾನೆ. ತಾಳ ನಿಂತರೆ ಹಾಡುವ ದೋಸ್ತಿಯೇ ಎದ್ದು ಹೋಗುತ್ತಾನೆ.

ಇದನ್ನು ಕಲಿಯಲು ಮುಂಬೈಗೆ ಹೋಗಬೇಕಿಲ್ಲ. ಮಾನ್ವಿ ಜಗನ್ನಾಥದಾಸರ ಊರು. ಅದೇ ಸೀಮೆಯ ಚೀಕಲಪರ್ವಿ ವಿಜಯದಾಸರದು. ದಾಸರ ಚಿತ್ರ ನೋಡಿ: ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಚಿಟಿಕೆ. ಪದ ಏರಲಿ, ಇಳಿಯಲಿ, ಚಿಟಿಕೆ ನಿಲ್ಲುವಂತಿಲ್ಲ. ಮೊಹರಂನಲ್ಲಿ ಹಲಗೆ ಬಾರಿಸುವವನ ಕೈಯೂ ಹಾಗೇ. ನಿಮ್ಮ ಬಲಗೈ ಆ ಚಿಟಿಕೆ ಆಗಬೇಕು.

ಹೇಗೆ? ಗೋಡೆ ಗಡಿಯಾರದ ಕೆಳಗೆ ಕೂಡಿ. ಟಿಕ್ ಟಿಕ್ ನಿಮಿಷಕ್ಕೆ 60. ಎಡಗೈಯನ್ನು ತಂತಿಗಳ ಮೇಲೆ ಹಗುರಾಗಿ ಇಡಿ, ಸ್ವರ ಬರಬಾರದು, ಬರೀ ‘ಚಕ್ ಚಕ್’ ಬರಲಿ. ಒಂದು ಟಿಕ್‌ಗೆ ಕೈ ಒಮ್ಮೆ ಕೆಳಗೆ, ಎರಡು ಟಿಕ್‌ಗಳ ನಡುವೆ ಒಮ್ಮೆ ಮೇಲೆ. ಐದು ನಿಮಿಷ ಇಷ್ಟೇ. ಆಮೇಲೆ ಈ ಪಟ್ಟು: ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ. ಮೂರನೇ ಟಿಕ್‌ಗೆ ತಂತಿ ಮುಟ್ಟುವುದಿಲ್ಲ, ಆದರೂ ಕೈ ಗಾಳಿಯಲ್ಲಿ ಕೆಳಗೆ ಇಳಿಯಲೇಬೇಕು. ಗುಟ್ಟು ಇರುವುದೇ ಅಲ್ಲಿ. ಪಿಕ್ಕನ್ನು ಬಿಗಿಯಾಗಿ ಹಿಡಿಯಬೇಡಿ, ಮಣಿಕಟ್ಟು ಸಡಿಲ ಇರಲಿ.

ಇನ್ನು ಎಡಗೈ. ಮೊದಲು ನೆಂಟರಂಥ ಕಾರ್ಡ್‌ಗಳನ್ನು ಹಿಡಿಯಿರಿ. ಸಿ ಮೇಜರ್‌ನಿಂದ ಎ ಮೈನರ್‌ಗೆ ಹೋಗುವಾಗ ಉಂಗುರ ಬೆರಳೊಂದೇ ಜಾಗ ಬದಲಿಸುತ್ತದೆ, ಉಳಿದೆರಡು ಎತ್ತಬೇಡಿ. ಇ ಮೇಜರ್‌ನಿಂದ ಎ ಮೈನರ್‌ಗೆ ಮೂರೂ ಬೆರಳು ಅದೇ ಆಕಾರದಲ್ಲಿ ಒಂದು ತಂತಿ ಕೆಳಗೆ ಇಳಿದರೆ ಸಾಕು. ನಾಲ್ಕನೇ ಟಿಕ್ ಆದಮೇಲಿನ ಕೊನೆಯ ‘ಮೇಲೆ’ ಹೊಡೆತದಲ್ಲೇ ಬೆರಳು ಎತ್ತಿಬಿಡಿ. ಖಾಲಿ ತಂತಿ ನುಡಿದರೂ ಕಿವಿಗೆ ತಿಳಿಯುವುದಿಲ್ಲ, ಮುಂದಿನ ಒಂದಕ್ಕೆ ಹೊಸ ಕಾರ್ಡ್ ರೆಡಿ! ದಿನಾ ಒಂದು ನಿಮಿಷದಲ್ಲಿ ಎಷ್ಟು ಬದಲಿ ಆಯ್ತು ಎಣಿಸಿ ಬರೆದಿಡಿ. ದಿನಕ್ಕೆ ಹದಿನೈದು ನಿಮಿಷ ತಪ್ಪದೆ ಕೂತರೆ, ಭಾನುವಾರ ಒಂದೇ ದಿನ ಮೂರು ತಾಸು ಕೂತದ್ದಕ್ಕಿಂತ ಮೇಲು.

ಒಂದು ಎಚ್ಚರಿಕೆ. ತೆರೆಯ ಮೇಲಿನ ಹೀರೋ ಕೈ ನೋಡಿ ಕಲಿಯಬೇಡಿ. ಹಾಡು ಮೊದಲೇ ರೆಕಾರ್ಡ್ ಆಗಿರುತ್ತದೆ, ಅವನು ತಂತಿ ಸವರಿದರೂ ನಡೆಯುತ್ತದೆ! 1971ರ ‘ಹರೇ ರಾಮ ಹರೇ ಕೃಷ್ಣ’ದ ‘ದಮ್ ಮಾರೋ ದಮ್’ ಹಾಡಿಗೆ ಗಿಟಾರ್ ನುಡಿಸಿದವರು ಮುಂದೆ ಗಜಲ್‌ಗೆ ಹೆಸರಾದ ಭೂಪಿಂದರ್ ಸಿಂಗ್. ತೆರೆಯಲ್ಲಿ ಅವರ ಮುಖ ಕಾಣಲಿಲ್ಲ, ಕೈ ಮಾತ್ರ ಇವತ್ತಿಗೂ ಕೇಳಿಸುತ್ತದೆ.

ಮೊಳೆಯಿಂದ ಗಿಟಾರ್ ಇಳಿಸಿ, ಧೂಳು ಒರೆಸಿ. ಗಡಿಯಾರ ಕಾಯುತ್ತಿದೆ!