ಮಾವಿನ ತೋಪು, ಮದ್ದಿನ ತೋಪು

ನಮ್ಮ ಕಡೆ ತೋಪು ಅಂದ್ರೆ ಎರಡು ಅರ್ಥ. ಒಂದು ಮಾವಿನ ತೋಪು, ಹುಣಸೆ ತೋಪು ಅಂತೀವಲ್ಲ, ಆ ಮರಗಳ ಗುಂಪು. ಇನ್ನೊಂದು ಮದ್ದು ತುಂಬಿ ಹೊಡಿಯೋ ತೋಪು, ಫಿರಂಗಿ. ನಾನು ಸಣ್ಣೋಳಾಗಿದ್ದಾಗ ಈ ಎರಡನೇದು ಮೈಸೂರು ದಸರಾದಾಗೆ ಮಾತ್ರ ಇರ್ತದೆ ಅನ್ಕಂಡಿದ್ದೆ. ಈಗ ನೋಡಿದ್ರೆ ನಮ್ಮ ಕೆಂಕೆರೆ ಸುತ್ತಿನ ತೆಂಗಿನ ತೋಟದಾಗೇ ಹುಟ್ಕಂಡವೆ. ಎಲ್ಲಾ ಪೈಪಿನವು, ಮನೇಲೇ ಮಾಡಿದವು. ಮೊದ್ಲು ಕೋತಿ ಓಡ್ಸಾಕೆ ಅಂತ ಬಂದ್ವು. ಆಮೇಲೆ ಹುಡುಗ್ರ ಆಟಕ್ಕೆ ಆದ್ವು. ಈಗ ಫೋನಿನಾಗೆ ವಿಡಿಯೋ ಹಾಕ್ಕಳಾಕೆ.

ನಮ್ಮ ಬಾವನ ಮಗ ಪಿಯುಸಿ ಓದ್ತವ್ನೆ. ಹೋದ ದೀಪಾವಳೀಲಿ ಅವನೂ ಅವನ ಜೊತೆಗಾರರೂ ಸೇರ್ಕಂಡು ಇಂಥದ್ದೊಂದು ಮಾಡಿದ್ರು. ಹಿತ್ಲಿನಾಚೆ ಬದುವಿನ ಮ್ಯಾಲಿಟ್ಟು ಹೊಡುದ್ರು ನೋಡಿ, ಕೊಟ್ಟಿಗೇಲಿದ್ದ ಹಸ ಗೂಟ ಕಿತ್ಕಂಡು ಓಡೋಯ್ತು. ನಾಯಿ ಎರಡು ದಿನ ಮಂಚದ ಕೆಳಗಿಂದ ಈಚೆಗೆ ಬರ್ಲಿಲ್ಲ. ಮನುಷ್ಯರಿಗೆ ಯಾರಿಗೂ ಏನೂ ಆಗ್ಲಿಲ್ಲ, ಅದಕ್ಕೇ ಎಲ್ರೂ ನಕ್ರು. ನಮ್ಮತ್ತೆ ಮಾತ್ರ ನಗ್ಲಿಲ್ಲ. "ಏನೂ ಆಗ್ಲಿಲ್ಲ ಅನ್ನಾದು ನಿನ್ ಪುಣ್ಯ ಕಣ್ಲಾ ಮಗಾ, ನಿನ್ ಬುದ್ಧಿವಂತಿಕೆ ಅಲ್ಲ" ಅಂದ್ರು. ನನ್ನ ಮಾತೂ ಅಷ್ಟೇ. ಅದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ, ಕೇಳ್ರಿ.

ಮೊದಲ್ನೇದಾಗಿ, ಈ ಹುಡುಗ್ರು ದಡ್ರಲ್ಲ. ಢಂ ಅನ್ನೋ ಸದ್ದು ಕಿವಿಗಿಂತ ಮುಂಚೆ ಎದೆಗೆ ಬಡಿತದಲ್ಲ, ಅದರ ಖುಷಿ ನಂಗೂ ಗೊತ್ತು. ಜಾತ್ರೇಲಿ ಬಾಣ ಬಿರುಸು ಹತ್ತಿಸ್ತಾರೆ ಅಂದ್ರೆ ಸೊಂಟದ ಮ್ಯಾಲೆ ಕೂಸು ಕೂರಿಸ್ಕಂಡು ಓಡೋರು ನಾವೇ ಹೆಂಗಸ್ರು. "ಚಿಕ್ಕಮ್ಮ, ಇದು ಟಿಪ್ಪು ಕಾಲದ ವಿದ್ಯೆ" ಅಂತಾನೆ ನಮ್ಮ ಹುಡುಗ. ಸುಳ್ಳೇನಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದನ್ನ ಕಬ್ಬಿಣದ ಕೊಳವೇಲಿ ತುಂಬಿ ರಾಕೆಟ್ ಹಾರಿಸಿದ್ದು ನಮ್ಮ ಮೈಸೂರು ಸೀಮೆಯೋರೇ. 1780ರ ಪೊಲ್ಲಿಲೂರು ಕಾಳಗದಾಗೆ ಇಂಗ್ಲಿಷರ ದಂಡು ಅದರ ರುಚಿ ನೋಡ್ತು. ಆಮೇಲೆ ಅವರೂ ಇಲ್ಲಿನ ರಾಕೆಟ್ ನೋಡ್ಕಂಡೇ ತಮ್ಮ ದೇಶದಾಗೆ ತಮ್ಮವನ್ನ ಮಾಡ್ಕಂಡ್ರು. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಾಗೆ ಒಂದು ಹಾಳು ಬಾವಿ ತೋಡಿದ್ರೆ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಆ ವಿದ್ಯೆಯ ಗುಟ್ಟು ಬರೀ ಮದ್ದಿನಾಗಿರ್ಲಿಲ್ಲ, ಕೊಳವೇಲಿತ್ತು. ಬೇರೆ ಕಡೆಯೋರು ಕಾಗದದ ಸುರುಳಿಗೆ ತುಂಬ್ತಿದ್ದ ಕಾಲಕ್ಕೆ ನಮ್ಮೋರು ಗಟ್ಟಿ ಕಬ್ಬಿಣ ಬಡಿದು ಕೊಳವೆ ಮಾಡಿದ್ರು. ಒಳಗಿನ ಒತ್ತಡ ತಡ್ಕಳೋ ಕೊಳವೆ ಇದ್ರೆ ಮಾತ್ರ ಅದು ವಿದ್ಯೆ. ಬೋರ್‌ವೆಲ್ಲಿನ ಹಳೇ ಪೈಪು ನೀರು ತರಾಕೆ ಮಾಡಿದ್ದು, ಬೆಂಕಿ ತಡಿಯಾಕಲ್ಲ.

ಇನ್ನು ದಸರಾದ ಕುಶಾಲ ತೋಪು ನೋಡ್ರಿ. ಜಂಬೂಸವಾರಿ ದಿನ ಅಂಬಾರೀಲಿರೋ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಗೋ ಹೊತ್ನಾಗೆ, ರಾಷ್ಟ್ರಗೀತೆ ನಡಿಯೋ 52 ಸೆಕೆಂಡಿನೊಳಗೆ 21 ತೋಪು ಹಾರ್ತವೆ. 7 ಫಿರಂಗಿ, ಮೂರ್ಮೂರು ಸುತ್ತು. ಗುಂಡಿಲ್ಲ, ಸದ್ದು ಮಾತ್ರ. ಹೊಡಿಯೋರು ಪೊಲೀಸ್ನೋರು, ಸಶಸ್ತ್ರ ಮೀಸಲು ಪಡೆಯೋರು. ಅಷ್ಟು ಸ್ವಲ್ಪ ಹೊತ್ತಿನ ಕೆಲ್ಸಕ್ಕೆ ಅವರು ದಿನಗಟ್ಲೆ ತಾಲೀಮು ಮಾಡ್ತಾರೆ. ಆನೆ ಕುದುರೆಗೂ ಸದ್ದು ಒಗ್ಗಲಿ ಅಂತ ಅವನ್ನೂ ಕರ್ಕಂಡು ಬಂದು ಪಕ್ಕದಾಗೆ ನಿಲ್ಲಿಸ್ತಾರೆ.

ಅಲ್ಲಿ ಒಂದು ಕೋಲು ಇರ್ತದೆ, ಸಿಂಬ ಅಂತಾರೆ. ಒಂದು ಸುತ್ತು ಹೊಡೆದ ಮ್ಯಾಲೆ ಆ ಒದ್ದೆ ಕೋಲನ್ನ ನಳಿಗೆಯೊಳಕ್ಕೆ ತೂರಿಸಿ ಚೆನ್ನಾಗಿ ಒರೆಸ್ತಾರೆ. ಯಾಕೆ? ಮದ್ದು ಪೂರ್ತಿ ಸುಟ್ಟೋಗಲ್ಲ. ಒಳಗೆ ಮಸಿ ಉಳಿತದೆ, ಮಸಿ ಒಳಗೆ ಕಿಡಿ ಉಳಿತದೆ. ನಮ್ಮ ಒಲೇಲಿ ಬೂದಿ ಮುಚ್ಚಿದ ಕೆಂಡ ವತ್ತಾರೆಗಂಟ ಹಂಗೇ ಇರಲ್ವಾ, ಹಂಗೆ. ಎರಡನೇ ಸುತ್ತಿನ ಮದ್ದು ಆ ಕಿಡಿ ಮ್ಯಾಲೆ ಬಿತ್ತು ಅಂದ್ರೆ ತುಂಬ್ತಿರೋ ಕೈನೇ ಹಾರೋಗ್ತದೆ. ಈ ಒಂದು ಒರೆಸೋ ಕೆಲ್ಸ ತಪ್ಪಿ ಲೋಕದಾಗೆ ಎಷ್ಟು ಜನ ಬೆರಳು ಕಳ್ಕಂಡವ್ರೋ. ವಿಡಿಯೋದಾಗೆ ಹೊಗೆ ಕಾಣ್ತದೆ, ಬೆಂಕಿ ಕಾಣ್ತದೆ, ಸದ್ದು ಕೇಳ್ತದೆ. ಸಿಂಬ ಕಾಣಲ್ಲ. ನೋಡೋರಿಗೆ ಬೇಜಾರು ಅಂತ ಕತ್ತರಿಸಿ ಹಾಕಿರ್ತಾರೆ.

ಗೊತ್ತಿದ್ದೋರಿಗೇನೂ ಆಗಲ್ಲ ಅಂತ ಹೇಳೋರಿಗೂ ಒಂದು ಕತೆ ಐತೆ. ಸ್ಕಾಟ್ಲೆಂಡಿನಾಗೆ ಎರಡನೇ ಜೇಮ್ಸ್ ಅಂತ ಒಬ್ಬ ರಾಜ ಇದ್ದ. ಅವನಿಗೆ ಫಿರಂಗಿ ಅಂದ್ರೆ ಪ್ರಾಣ. 1460ರಲ್ಲಿ ರಾಕ್ಸ್‌ಬರೋ ಕೋಟೆ ಮುತ್ತಿದಾಗ, ತನ್ನದೇ ಫಿರಂಗಿ ಹೊಡಿಯಾದು ನೋಡಾಕೆ ಪಕ್ಕದಾಗೇ ನಿಂತಿದ್ದ. ಅದು ಸಿಡೀತು, ರಾಜ ಸತ್ತ. ರಾಜನ ಫಿರಂಗಿ, ರಾಜನ ಕಮ್ಮಾರರು, ರಾಜನ ಗೋಲಂದಾಜರು. ನಮ್ಮ ಹುಡುಗ್ರ ಹತ್ರ ಏನೈತೆ? ಗುಜರಿ ಪೈಪು, ಒಂದು ಫೋನು.

ಕರಿಮದ್ದು ಸಿಗ್ದೇ ಇದ್ದೋರು ಕಾರ್ಬೈಡಿಗೆ ಕೈ ಹಾಕ್ತಾರೆ. 2025ರ ದೀಪಾವಳೀಲಿ ಮಧ್ಯಪ್ರದೇಶದಾಗೆ ಕಾರ್ಬೈಡ್ ಗನ್ನು ಅನ್ನೋ ಈ ಪೈಪಿನ ತೋಪಿನಿಂದ ನೂರಕ್ಕೂ ಹೆಚ್ಚು ಜನ ಕಣ್ಣಿಗೆ ಪೆಟ್ಟು ಮಾಡ್ಕಂಡು ಆಸ್ಪತ್ರೆ ಸೇರಿದ್ರು. ಬೋ ಜನ ಮಕ್ಳು. ಎಷ್ಟೋ ಮಕ್ಳಿಗೆ ಕಣ್ಣೇ ಹೋಯ್ತು. ತೋಪು ಹಾರ್ಲಿಲ್ಲ ಅಂತ ಬಗ್ಗಿ ಬಾಯೊಳಗೆ ನೋಡ್ತಾರೆ, ಆವಾಗ್ಲೇ ಅದು ಹಾರ್ತದೆ. ನಮ್ಮ ಬೆಂಗಳೂರಿನ ಮಿಂಟೋ ಆಸ್ಪತ್ರೇಲೂ ಪ್ರತಿ ದೀಪಾವಳೀಲಿ ಇದೇ ಗೋಳು. ಪಟಾಕಿ ಹೊಡೆದೋರಷ್ಟೇ ಅಲ್ಲ, ಪಕ್ಕದಾಗೆ ನಿಂತು ನೋಡ್ತಿದ್ದೋರೂ, ದಾರೀಲಿ ಹೋಗ್ತಿದ್ದೋರೂ ಬಂದು ಸೇರ್ತಾರೆ. ನಂಗೆ ಬೋ ಕೋಪ ಬರಾದು ಇದಕ್ಕೇ. ಹವ್ಯಾಸ ಒಬ್ಬಂದು, ಕಣ್ಣು ಇನ್ನೊಬ್ಬಂದು.

ಕೋತಿ ಕಾಟ ಇಲ್ವಾ ಅಂತ ಕೇಳ್ತೀರಿ. ಐತೆ, ಇಲ್ಲ ಅನ್ನಲ್ಲ. ಕೊಬ್ಬರಿಗೆ ಒಳ್ಳೇ ಬೆಲೆ ಬಂದಾಗಿಂದ ಒಂದೊಂದು ಕಾಯೂ ಲೆಕ್ಕ. ಕೋತಿಗಳು ಎಳನೀರು ಕಿತ್ತು ಒಂದ್ ಗುಕ್ಕು ಕುಡಿದು ಎಸೆದ್ರೆ ಹೊಟ್ಟೆ ಉರೀತದೆ. ಆದ್ರೆ ಬರೀ ಸದ್ದಿಗೆ ಕೋತಿ ಎಷ್ಟು ದಿನ ಹೆದರ್ತದೆ? ಮೊದಲ್ನೇ ದಿನ ಓಡೋಯ್ತವೆ. ನಾಕನೇ ದಿನ ಪಕ್ಕದ ಮರಕ್ಕೆ ಹಾರಿ ಕೂತ್ಕಂಡು ನೋಡ್ತವೆ. ವಾರ ಕಳುದ್ರೆ ತಿರುಗೀನೂ ನೋಡಲ್ಲ. ನಮ್ಮ ತೋಟದಾಗೆ ಕೋತಿ ಹೆದರಿದ್ದು ದಿನಾ ಎರಡು ಹೊತ್ತು ಸುತ್ತು ಹಾಕೋ ಮಾವನೋರಿಗೆ, ಅವರ ಹಿಂದೆ ಹೋಗೋ ನಾಯಿಗೆ. ತೋಪಿಗೆ ನಿಜವಾಗ್ಲೂ ಹೆದರೋರು ಯಾರಂದ್ರೆ ಕರು ಹಾಕಾಕಿರೋ ಹಸ, ತೊಟ್ಲಾಗಿರೋ ಕೂಸು, ಎದೆನೋವಿನ ಮುದುಕ್ರು. ಇವರ್ಯಾರೂ ನಮ್ಮ ಕಾಯಿ ಕದ್ದಿಲ್ಲ.

ಕಾನೂನೂ ಸುಮ್ನಿಲ್ಲ. 1884ರಷ್ಟು ಹಿಂದೇನೇ ಸ್ಫೋಟಕ ಕಾಯ್ದೆ ಬಂದೈತೆ. ಲೈಸೆನ್ಸ್ ಇಲ್ದೆ ಮನೇಲಿ ಮದ್ದು ಅರಿಯಂಗಿಲ್ಲ. ಬೆಳೆ ಕಾಯಾಕೆ ಬಂದೂಕು ಇಟ್ಕಂಡಿರೋ ರೈತರೇ ಲೈಸೆನ್ಸ್ ಹಿಡ್ಕಂಡು ಅಲೀತಾರೆ, ಚುನಾವಣೆ ಬಂದ್ರೆ ಠಾಣೆಗೆ ಒಪ್ಪಿಸಿ ಬರ್ತಾರೆ. ಹುಡುಗಾಟಕ್ಕೆ ಅಂತ ಕೇಸು ಬೀಳದೇ ಇರಲ್ಲ. ಓದೋ ಹುಡುಗನ ಮ್ಯಾಲೆ ಕೇಸು ಬಿದ್ರೆ ಕೆಲ್ಸ, ಪಾಸ್‌ಪೋರ್ಟು ಎಲ್ಲಕ್ಕೂ ಅಡ್ಡ.

ಇಷ್ಟೆಲ್ಲಾ ಹೇಳಿ "ಬ್ಯಾಡ" ಅಂದ್ರೆ ಸಾಕಾ? ಸಾಲಲ್ಲ. ನಮ್ಮ ಮನೆಗಳಲ್ಲಿ ತಪ್ತಿರಾದು ಇಲ್ಲೇ ಅನ್ನಿಸ್ತದೆ ನಂಗೆ. ಹಿಂದೆ ಈ ವಯಸ್ಸಿನ ಹುಡುಗ್ರ ಕೈಗೆ ಅಪಾಯದ ಕೆಲ್ಸನ ದೊಡ್ಡೋರೇ ಕೊಡ್ತಿದ್ರು. ಮರ ಹತ್ತಿಸ್ತಿದ್ರು, ಹೋರಿ ಪಳಗಿಸಾಕೆ ಬಿಡ್ತಿದ್ರು, ಕುಲುಮೇಲಿ ತಿದಿ ಒತ್ತಿಸ್ತಿದ್ರು. ಪಕ್ಕದಾಗೆ ಒಬ್ಬ ಗೊತ್ತಿದ್ದೋನು ಇರ್ತಿದ್ದ, ಬೈತಾ ಬೈತಾ ಕಲಿಸ್ತಿದ್ದ. ಈಗ ಮರಕ್ಕೆ ಕೂಲಿಯೋನು ಬರ್ತಾನೆ, ಹೋರಿ ಜಾಗಕ್ಕೆ ಟ್ರ್ಯಾಕ್ಟರ್ ಬಂದೈತೆ, ಕುಲುಮೆ ಆರೈತೆ. "ನೀನು ಓದ್ಕ, ಏನೂ ಮುಟ್ಬ್ಯಾಡ" ಅಂತೀವಿ. ಆ ವಯಸ್ಸಿನ ಕೈ ಸುಮ್ನೆ ಕೂರ್ತದಾ? ಯಾರೂ ಪಕ್ಕದಾಗಿಲ್ದ ಜಾಗಕ್ಕೆ ಹೋಗಿ ಪೈಪಿಗೆ ಬೆಂಕಿ ಇಡ್ತದೆ.

ಅದಕ್ಕೇ ನಾನು ಬಾವನೋರಿಗೆ ಹೇಳ್ದೆ, ಪೈಪು ಕಿತ್ಕಂಡ್ರೆ ಸಾಲ್ದು ಬಾವ, ಅದರ ಜಾಗಕ್ಕೆ ಏನಾರ ಕೊಡ್ರಿ ಅಂತ. ರಜಾದಾಗೆ ಅವನ್ನ ಹುಳಿಯಾರಿನ ಒಂದು ವೆಲ್ಡಿಂಗ್ ಶಾಪಿಗೆ ಕಳಿಸಿದ್ರು. ಮೊದಲ್ನೇ ವಾರ ಕಣ್ಣಿಗೆ ಕನ್ನಡಕ ಇಲ್ದೆ ಕಡ್ಡಿ ಮುಟ್ಟಾಕೂ ಬಿಡ್ಲಿಲ್ವಂತೆ ಆ ಯಜಮಾನ್ರು. ತಿಂಗಳಾದ ಮ್ಯಾಲೆ ನಮ್ಮ ಹುಡುಗ ಗಾಳಿಗೆ ತಿರುಗಿ ತಗಡು ಬಡಿಯೋ ಒಂದು ಗಿರಗಟ್ಲೆ ಮಾಡಿ ತೋಟದಾಗೆ ನಿಲ್ಲಿಸ್ದ. ಕೋತಿಗಳು ಹದಿನೈದು ದಿನ ಹೆದರಿ ಅದಕ್ಕೂ ಒಗ್ಗೋದ್ವು, ಅದು ಬೇರೆ ಮಾತು. ಈಗ ಪಂಪ್‌ಸೆಟ್ ಕೆಟ್ರೆ ಊರೋರು ಅವನ್ನ ಕರೀತಾರೆ.

ತೋಪಿನ ಆಸೆ ಇದ್ದೋರು ದಸರಾಕ್ಕೆ ಹೋಗ್ರಿ, ಮುಂಚೆ ನಡಿಯೋ ತಾಲೀಮನ್ನೂ ನೋಡ್ರಿ, ಸಿಂಬ ಹಿಡ್ದೋನ ಕೈ ಹೆಂಗೆ ಓಡಾಡ್ತದೆ ಅಂತ ಗಮನಿಸ್ರಿ. ಮಕ್ಳಿಗೂ ಅದನ್ನೇ ತೋರಿಸ್ರಿ. ಮನೆ ಹತ್ರ ನಮಗೆ ಮರದ ತೋಪು ಒಂದಿದ್ರೆ ಸಾಕು.